ಬಿ.ಇ. ಮುಗಿಸಿ ಮ್ಯಾನೇಜ್‌ಮೆಂಟ್ ಕಡೆ ಹೋಗೋದು ಹೇಗೆ?

ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್, ಎಲ್ಲಿ ಓದಿದವರನ್ನು ಕೇಳಿದರೂ ಕೊನೇ ಸೆಮಿಸ್ಟರ್‌ಗೆ ಬರುವಷ್ಟರಲ್ಲಿ ಒಂದೇ ಗೊಂದಲ. ಎಂಬಿಎ ಈಗಲೇ ಮಾಡೋದಾ, ಆಮೇಲಾ? ಆಮೇಲೆ ಮಾಡಿ. ಎಂಜಿನಿಯರ್‌ಗಳ ತಂಡ ನಡೆಸುವ ಕೆಲಸ ನಿಮ್ಮ ಗುರಿಯಾದರೆ, ಮೊದಲು ಎರಡು ಮೂರು ವರ್ಷ ನೀವೇ ತಂಡದೊಳಗೆ ದುಡಿದಿರಬೇಕು.

ಅದಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ. ಮೈಸೂರಿನ ಹೆಬ್ಬಾಳದಲ್ಲೇ ಇನ್ಫೋಸಿಸ್ ಇದೆ, ಹೂಟಗಳ್ಳಿ, ನಂಜನಗೂಡು ಕಡೆ ಕಾರ್ಖಾನೆಗಳಿವೆ. ಸೇರಿದ ದಿನವೇ ಒಂದು ನೋಟ್‌ಬುಕ್ ಶುರು ಮಾಡಿ. ಏನು ಬರೆಯೋದು ಅಂತೀರಾ? ‘10.20ಕ್ಕೆ ಮಷಿನ್ ನಿಂತಿತು. ಬೇರಿಂಗ್ ಸ್ಟೋರ್‌ನಲ್ಲಿ ಇರಲಿಲ್ಲ. ಮೂರು ಗಂಟೆ ಹೋಯಿತು.’ ಇಷ್ಟೇ. ಸಾಫ್ಟ್‌ವೇರ್‌ನಲ್ಲಿದ್ದರೆ ಯಾವ ರಿಲೀಸ್ ತಡವಾಯಿತು, ಯಾರ ಉತ್ತರಕ್ಕೆ ಕಾದು ಕೂತಿರಿ ಅಂತ ಬರೆಯಿರಿ. ಬೇರಿಂಗ್ ಯಾಕೆ ಇರಲಿಲ್ಲ ಅಂತ ಹುಡುಕಿಕೊಂಡು ಹೋದರೆ ಸ್ಟೋರ್, ಪರ್ಚೇಸ್, ಸಪ್ಲೈಯರ್, ಬಿಲ್ ಪಾಸ್ ಮಾಡುವ ಅಕೌಂಟ್ಸ್‌ವರೆಗೂ ದಾರಿ ತಾನಾಗೇ ತೆರೆಯುತ್ತದೆ, ಮ್ಯಾನೇಜರ್ ದಿನವಿಡೀ ಮಾಡುವ ಕೆಲಸವೂ ಅದೇ ಅಲ್ವಾ? ನಾಳೆ ಇಂಟರ್‌ವ್ಯೂನಲ್ಲಿ ಹೇಳೋಕೆ ನಿಮ್ಮದೇ ಉದಾಹರಣೆ ಸಿಗುತ್ತದೆ.

ಆಮೇಲೆ ಪರೀಕ್ಷೆ. ರಾಜ್ಯದೊಳಗೆ ಎಂಬಿಎ ಸೇರಲು ಕೆಇಎ ನಡೆಸುವ ಪಿಜಿಸಿಇಟಿ ಇದೆ. ಐಐಎಂ ಬೇಕಾದರೆ ಕ್ಯಾಟ್. ಎಂಜಿನಿಯರ್‌ಗಳಿಗೆ ನಾನು ಜಾಸ್ತಿ ಹೇಳುವುದು ಬೆಂಗಳೂರಿನ ಐಐಎಸ್‌ಸಿಯ ಎಂ.ಮ್ಯಾನೇಜ್‌ಮೆಂಟ್ ಬಗ್ಗೆ. ಎರಡು ವರ್ಷದ ಕೋರ್ಸು, ಬಿ.ಇ. ಮಾಡಿದವರಿಗಾಗಿಯೇ ಇರುವುದು, ಗೇಟ್ ಅಂಕದಿಂದಲೂ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಕೈಬಿಡುತ್ತಾರೆ ಅನ್ನೋದೇ ಬೇಜಾರು. ಊರು ಬಿಡಲಾಗದವರಿಗೆ ಮೈಸೂರಿನಲ್ಲೇ ಮಾನಸಗಂಗೋತ್ರಿಯ ಬಹದ್ದೂರ್ ಇನ್‌ಸ್ಟಿಟ್ಯೂಟ್ ಇದೆ, ಎಸ್‌ಡಿಎಂಐಎಂಡಿ ಅನ್ನುವ ಮ್ಯಾನೇಜ್‌ಮೆಂಟ್ ಕಾಲೇಜಿದೆ. ಕೆಲಸವನ್ನೂ ಬಿಡಲಾಗದಿದ್ದರೆ ಮುಕ್ತ ವಿಶ್ವವಿದ್ಯಾಲಯ.

ಸಾಲ ಮಾಡುವ ಮುಂಚೆ ಕಾಲೇಜಿನ ಪ್ಲೇಸ್‌ಮೆಂಟ್ ಪಟ್ಟಿ ಕೇಳಿ. ‘ಅತಿ ಹೆಚ್ಚು ಸಂಬಳ’ ಅಂತ ದಪ್ಪಕ್ಷರದಲ್ಲಿ ಹಾಕಿರೋದನ್ನು ನೋಡಿ ಸುಮ್ನೆ ಮರುಳಾಗಬೇಡಿ. ಮಧ್ಯದ ಮೊತ್ತ ಎಷ್ಟು, ಎಂಜಿನಿಯರ್‌ಗಳಿಗೆ ಸಿಕ್ಕ ಹುದ್ದೆ ಯಾವುದು ಅಂತ ಕೇಳಿ. ಆಪರೇಷನ್ಸ್, ಪ್ರಾಜೆಕ್ಟ್, ಪ್ರಾಡಕ್ಟ್ ಹುದ್ದೆಗಳಿದ್ದರೆ ಒಳ್ಳೆಯದು. ಎಲ್ಲವೂ ಸೇಲ್ಸ್ ಆದರೆ ಯೋಚಿಸಿ.

ಎಂಬಿಎಯೇ ಬೇಡ ಅನ್ನುವವರಿಗೆ ಪಿಎಂಪಿ ಇದೆ, ಪ್ರಾಜೆಕ್ಟ್ ನಡೆಸುವವರಿಗೆ ಕೊಡುವ ಸರ್ಟಿಫಿಕೇಟ್. ನಾಲ್ಕು ವರ್ಷದ ಡಿಗ್ರಿ ಇದ್ದವರು 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿರಬೇಕು, 35 ಗಂಟೆ ತರಬೇತಿಯೂ ಆಗಿರಬೇಕು. ಅಷ್ಟು ಅನುಭವ ಇಲ್ಲದವರಿಗೆ ಅದರ ಕೆಳಗಿನ ಹಂತದ ಸಿಎಪಿಎಂ ಸರ್ಟಿಫಿಕೇಟ್, ಅದಕ್ಕೆ 23 ಗಂಟೆ ತರಬೇತಿ ಸಾಕು. ಪಿಎಂಪಿ ಅರ್ಜಿಯಲ್ಲಿ ಯಾವ ಪ್ರಾಜೆಕ್ಟ್, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ನಿಮ್ಮ ಪಾತ್ರ ಏನು ಅಂತ ಬಿಡಿಸಿ ಬರೆಯಬೇಕು, ಹಾಗಾಗಿ ಕಂಪನಿ ಬದಲಾಯಿಸುವ ಮುಂಚೆ ಆ ವಿವರಗಳನ್ನು ಬರೆದಿಟ್ಟುಕೊಂಡು, ಲೀಡ್ ಹತ್ತಿರ ಒಮ್ಮೆ ತೋರಿಸಿ ಸರಿ ಮಾಡಿಸಿಕೊಳ್ಳಿ.