ಬಸ್ ಸ್ಟ್ಯಾಂಡಿನ ಚಹಾ, ಯಕೃತ್ತಿನ ಕೀವು

ಹುಬ್ಬಳ್ಳಿಯಲ್ಲಿ ಪೆಟ್ ಸ್ಕ್ಯಾನ್ ನೋಡುವ ನಾನು ದಿನವಿಡೀ ಜಗಳವಾಡುವುದು ಗಡಿಯಾರದೊಂದಿಗೆ. ಈ ಸ್ಕ್ಯಾನಿಗಾಗಿ ರೋಗಿಗೆ ಚುಚ್ಚುವ ಎಫ್‌ಡಿಜಿ ಎಂಬ ವಿಕಿರಣಶೀಲ ಸಕ್ಕರೆ 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಬೆಂಗಳೂರಿನಿಂದ ಏಳು ಗಂಟೆ ರಸ್ತೆಯಲ್ಲಿ ಬಂದರೆ ಕೈಗೆ ಸಿಗುವುದು ಹದಿನಾಲ್ಕರಲ್ಲಿ ಒಂದು ಪಾಲು.

ಅಂಥದೊಂದು ಬೆಳಿಗ್ಗೆ ರೋಣದ ಕಡೆಯ ಹಿರಿಯ ರೈತರೊಬ್ಬರು ಬಂದರು. ಯಕೃತ್ತಿನ ಗಂಟನ್ನು ಸೂಜಿಯ ಶಾಖದಿಂದ ಸುಟ್ಟು ಐದು ವಾರವಾಗಿತ್ತು. ಸಂಜೆಯಾದರೆ ಚಳಿಜ್ವರ. ಸಿಟಿ ಸ್ಕ್ಯಾನ್‌ನಲ್ಲಿ ಸುಟ್ಟ ಜಾಗ ಕಪ್ಪಗೆ ಕಾಣುತ್ತಿತ್ತು. ಸತ್ತ ಅಂಗಾಂಶವೋ ಕೀವೋ ತಿಳಿಯುತ್ತಿರಲಿಲ್ಲ. ಬಿಳಿ ರಕ್ತಕಣಗಳಿಗೆ ಗುರುತು ಹಚ್ಚಿ ಸೋಂಕು ಹುಡುಕಬಹುದು, ಆದರೆ ಅವು ಆರೋಗ್ಯವಂತ ಯಕೃತ್ತಿನಲ್ಲೂ ಧಾರಾಳವಾಗಿ ಸೇರುತ್ತವೆ. ಅದಕ್ಕೇ ಎಫ್‌ಡಿಜಿ: ಸೋಂಕಿನ ಜಾಗದ ಕಣಗಳು ಅದನ್ನು ಹೆಚ್ಚು ಹೀರಿ ಚಿತ್ರದಲ್ಲಿ ಹೊಳೆಯುತ್ತವೆ.

"ಯಜಮಾನರೇ, ಏನಾದರೂ ತಿಂದಿದ್ದೀರಾ?"

"ಏನೂ ಇಲ್ಲ ಸಾಹೇಬರೇ. ಗದಗ ಬಸ್ ಸ್ಟ್ಯಾಂಡಿನಲ್ಲಿ ಬರೀ ಚಹಾ."

ನಮ್ಮ ಕಡೆ ಚಹಾ ತಿನಿಸಿನ ಲೆಕ್ಕಕ್ಕೇ ಬರುವುದಿಲ್ಲ! ಚಹಾದ ಸಕ್ಕರೆಗೆ ಇನ್ಸುಲಿನ್ ಏರಿದರೆ ಎಫ್‌ಡಿಜಿ ಸ್ನಾಯುಗಳ ಪಾಲಾಗುತ್ತದೆ. ಮರಳಿ ಕಳಿಸಲು ಮನಸ್ಸಾಗದೆ ಅವರನ್ನು ಸರದಿಯ ಕೊನೆಗೆ ಇಟ್ಟೆ. ಅಷ್ಟರಲ್ಲಿ ಔಷಧ ಇನ್ನೂ ಕರಗಿತ್ತು. ಯಕೃತ್ತಿನ ಭಾಗದಲ್ಲಿ ಯಂತ್ರವನ್ನು ಹೆಚ್ಚು ಹೊತ್ತು ನಿಲ್ಲಿಸಿ ಸರಿದೂಗಿಸಿದೆ.

ಕಾಯುವಾಗ ಮಗ ಹಳೆಯ ಕಾಗದಗಳ ಕಟ್ಟು ಬಿಚ್ಚಿದ. ಎರಡು ವರ್ಷದ ಹಿಂದೆ ಎಂಡೋಸ್ಕೋಪಿಯಲ್ಲಿ ಪಿತ್ತನಾಳದ ಬಾಯಿ ಸೀಳಿ ಕಲ್ಲು ತೆಗೆದಿದ್ದರಂತೆ. ನಮಗೆ ಬಂದ ಚೀಟಿಯಲ್ಲಿ ಇದರ ಸುದ್ದಿಯೇ ಇಲ್ಲ. ಆ ಬಾಯಿ ಒಮ್ಮೆ ಸಡಿಲಾದರೆ ಕರುಳಿನ ಬ್ಯಾಕ್ಟೀರಿಯಾ ಮೇಲೇರುತ್ತವೆ, ಸುಟ್ಟ ಜಾಗ ಅವಕ್ಕೆ ಹಸನಾದ ಹೊಲ. ಚಿತ್ರ ನೋಡುವ ಮೊದಲೇ ನನ್ನ ಅನುಮಾನ ಅರ್ಧ ಗಟ್ಟಿಯಾಯಿತು.

ಎಫ್‌ಡಿಜಿ ಚುಚ್ಚಿದ ಮೇಲೆ ಒಂದು ಗಂಟೆ ಸುಮ್ಮನೆ ಮಲಗಬೇಕು. ಅವರ ಕೈ ಎಲೆಅಡಿಕೆಯ ಸಂಚಿಗೆ ಹೋಯಿತು. ಅಗಿದರೆ ದವಡೆಯ ಸ್ನಾಯು ಹೊಳೆಯುತ್ತದೆಂದು ಸಂಚಿಯನ್ನೇ ಇಸಿದುಕೊಂಡೆ.

ಸುಟ್ಟ ಜಾಗದ ಸುತ್ತ ತೆಳುವಾದ, ಸಮನಾದ ಉಂಗುರ ಕಂಡರೆ ನಾನು ಹೆದರುವುದಿಲ್ಲ; ಅದು ಗಾಯ ಮಾಯುವ ಗುರುತು. ಇಲ್ಲಿ ಉಂಗುರದ ಒಂದು ಮಗ್ಗುಲು ದಪ್ಪವಾಗಿ, ಅಂಕುಡೊಂಕಾಗಿ ಉರಿಯುತ್ತಿತ್ತು, ನಡುವೆ ಕತ್ತಲು. ತೊಂದರೆಯೆಂದರೆ, ಉಳಿದುಹೋದ ಗಂಟೂ ಹೀಗೇ ಹೊಳೆಯಬಲ್ಲದು. "ಕೀವಿನ ಸಾಧ್ಯತೆ ಹೆಚ್ಚು, ಗಂಟನ್ನು ತಳ್ಳಿಹಾಕಲಾಗದು, ದಪ್ಪವಾದ ಮಗ್ಗುಲಿಗೇ ಸೂಜಿ ಹಾಕಿ ನೋಡಿ" ಎಂದು ವರದಿ ಬರೆದೆ.

ಮರುದಿನ ಸೋನೋಗ್ರಫಿ ನೋಡುತ್ತ ಸೂಜಿ ಇಳಿಸಿದಾಗ ಸಿರಿಂಜಿಗೆ ಬಂದದ್ದು ಗಟ್ಟಿ ಕೀವು. ನಳಿಕೆ ಇಟ್ಟು ಹರಿಸಿದರು, ಜ್ವರ ಇಳಿಯಿತು. ಗಂಟು ಉಳಿದಿದೆಯೇ ಎಂದು ನೋಡಲು ಮೂರು ತಿಂಗಳ ನಂತರ ಮತ್ತೆ ಕರೆದೆವು. ಉರಿಯುತ್ತಿದ್ದ ಮಗ್ಗುಲು ಆರಿತ್ತು. ಅಂದು ಯಜಮಾನರು ಚಹಾ ಕುಡಿಯದೆ ಬಂದಿದ್ದರು. ಸಂಚಿಯನ್ನು ಮಾತ್ರ ಕೇಳಿಯೇ ಇಸಿದುಕೊಳ್ಳಬೇಕಾಯಿತು.