ಎರಡು ಯುದ್ಧಗಳ ನಡುವಿನ ಬ್ರಿಟನ್ ಸಾಲ: ಲೆಕ್ಕ ಕೊನೆಗೂ ತಾಳೆ ಆಯ್ತು

ಎರಡು ಮಹಾಯುದ್ಧಗಳ ನಡುವಿನ ಬ್ರಿಟನ್ ಸರ್ಕಾರದ ಸಾಲವನ್ನು ಮನೆಯಲ್ಲೇ ಕೂತು, ಪುಕ್ಕಟೆ ಸಿಗುವ ದಾಖಲೆಗಳಿಂದ, ವರ್ಷ ವರ್ಷವೂ ತಾಳೆ ಹಾಕಬಹುದು ಅಂತ ನಾನು ಹೇಳಿದಾಗ ಜೊತೆಯ ಮೇಷ್ಟ್ರುಗಳು ಒಪ್ಪಲಿಲ್ಲ. "ಲಂಡನ್ನಿಗೆ ಹೋಗಿ ಖಜಾನೆ ಕಡತ ತೆಗೆಸದೆ ಇದು ಆಗೋ ಕೆಲಸ ಅಲ್ಲ ಸರ್" ಅಂದರು. ಆಯ್ತು. 1920ರಿಂದ 1938ರವರೆಗೆ ನನ್ನ ಶೀಟಿನ ಮೊತ್ತ ಈಗ ಅಧಿಕೃತ ಮೊತ್ತದಿಂದ ಹೆಚ್ಚೆಂದರೆ ಶೇ. 2ರಷ್ಟು ಆಚೀಚೆ ಇದೆ. ಅನುಮಾನಪಟ್ಟವರಲ್ಲೇ ಇಬ್ಬರು ಈಗ ಶೀಟು ಕೇಳಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೂತ್ರ ಸರಳ: ಹಿಂದಿನ ವರ್ಷದ ಸಾಲಕ್ಕೆ ಈ ವರ್ಷದ ಬಜೆಟ್ ಕೊರತೆ ಕೂಡಿಸಿ, ಉಳಿತಾಯವಿದ್ದರೆ ಕಳೆಯಿರಿ, ಈ ವರ್ಷದ ಸಾಲ ಬರಬೇಕು. ಜಿಡಿಪಿ ಮತ್ತು ಬೆಲೆಗಳಿಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ಪುಕ್ಕಟೆ ಕೊಡುವ ದೊಡ್ಡ ಎಕ್ಸೆಲ್ ಶೀಟು. ಬಜೆಟ್ ಭಾಷಣಗಳಿಗೆ ಬ್ರಿಟನ್ ಸಂಸತ್ತಿನ ಕಲಾಪದ ದಾಖಲೆಯಾದ ಹ್ಯಾನ್ಸಾರ್ಡ್. ಇಷ್ಟೇ ಬಂಡವಾಳ.

ಮೊದಲು ಹಣ ಹೋದ ಕಥೆ. ಹಳೆಯ ವಾರ್ಷಿಕ ಲೆಕ್ಕಪತ್ರಗಳ ಪ್ರತಿ ಕಳಿಸಿ ಅಂತ ಬ್ರಿಟನ್ನಿನ ಒಂದು ಸ್ಕ್ಯಾನಿಂಗ್ ಸಂಸ್ಥೆಗೆ ಸುಮಾರು 18 ಸಾವಿರ ರೂಪಾಯಿ ಕಟ್ಟಿದೆ. ಬಂದ ಪುಟಗಳಲ್ಲಿ ಅರ್ಧಕ್ಕರ್ಧ ಮಸುಕು. ಬಲಗಡೆಯ ಕಾಲಮ್ಮೇ ಕತ್ತರಿಸಿ ಹೋಗಿತ್ತು. ದುಡ್ಡು ವಾಪಸ್ ಬರಲಿಲ್ಲ. ಆಮೇಲೆ ಎಂ.ಎ. ವಿದ್ಯಾರ್ಥಿಯೊಬ್ಬರಿಗೆ ಆರೇಳು ಸಾವಿರ ಕೊಟ್ಟು ಎಲ್ಲ ಅಂಕಿಯನ್ನೂ ಕೈಯಲ್ಲೇ ಟೈಪ್ ಮಾಡಿಸಿದೆ. ಒಟ್ಟು ಖರ್ಚು 40 ಸಾವಿರದೊಳಗೇ ಮುಗಿಯಿತು. ಲಂಡನ್ನಿಗೆ ಹೋಗಿದ್ದರೆ ಟಿಕೆಟ್ಟು, ವಸತಿ ಸೇರಿ ಮೂರು ಲಕ್ಷವಾದರೂ ಬೇಕಿತ್ತು.

ಲೆಕ್ಕ ಕೈಕೊಟ್ಟಿದ್ದು ಶುರುವಿನ ವರ್ಷಗಳಲ್ಲೇ. 1920-21ರಲ್ಲಿ ಸುಮಾರು 230 ಮಿಲಿಯನ್ ಪೌಂಡ್ ಉಳಿತಾಯ. 1922-23ರಲ್ಲಿ 100 ಮಿಲಿಯನ್‌ಗೂ ಜಾಸ್ತಿ. ನಡುವೆ ಸರ್ಕಾರಿ ಖರ್ಚು ಕಡಿತಕ್ಕೆ ನೇಮಿಸಿದ್ದ ಗೆಡ್ಡಿಸ್ ಸಮಿತಿಯ ಕೊಡಲಿ ಬೇರೆ ಬಿದ್ದಿತ್ತು. ಇಷ್ಟೆಲ್ಲ ಆದ ಮೇಲೆ ಸಾಲ ಇಳಿಯಬೇಕು ಅಲ್ವಾ? ಅಷ್ಟು ಇಳಿಯಲೇ ಇಲ್ಲ. 7,700 ಮಿಲಿಯನ್ ಆಸುಪಾಸಿನಲ್ಲೇ ಕೂತಿತ್ತು. ನನ್ನ ಶೀಟು ಮಾತ್ರ ಕೆಳಗೆ ಕೆಳಗೆ ಹೋಗುತ್ತಿತ್ತು. ಇಲ್ಲೇ ಜನ ಕೈಬಿಡೋದು.

ಗಂಟು ಬಿಚ್ಚಿದ್ದು 1921ರ ಶೇ. 3.5ರ ಕನ್ವರ್ಶನ್ ಲೋನ್. ಬೇಗ ತೀರಿಸಬೇಕಾಗಿದ್ದ ಯುದ್ಧದ ಬಾಂಡುಗಳನ್ನು ಖಜಾನೆ ಇದಕ್ಕೆ ಬದಲಾಯಿಸಿಕೊಂಡಿತು. 100 ಪೌಂಡಿನ ಹಳೆ ಬಾಂಡ್ ಕೊಟ್ಟವರಿಗೆ ಸುಮಾರು 160 ಪೌಂಡ್ ಮುಖಬೆಲೆಯ ಹೊಸ ಸಾಲಪತ್ರ. ಬಡ್ಡಿ ದರ ಕಡಿಮೆ ಅಂತ ಮುಖಬೆಲೆ ಜಾಸ್ತಿ. ಖಜಾನೆಗೆ ಒಂದು ಪೈಸೆ ಹೊಸ ಹಣ ಬರಲಿಲ್ಲ, ಸಾಲದ ಪುಸ್ತಕ ಮಾತ್ರ ಉಬ್ಬಿತು. ಇದು ಬಜೆಟ್ಟಿನ ಜಮಾ-ಖರ್ಚಿನಲ್ಲಿ ಎಲ್ಲೂ ಕಾಣೋದಿಲ್ಲ. ಇದಕ್ಕೆ ಬೇರೆ ಕಾಲಮ್ ಹಾಕಿದ ತಕ್ಷಣ ಅಂತರದ ದೊಡ್ಡ ಭಾಗ ಮಾಯವಾಯಿತು.

ಉಳಿದ ಅಂತರದಲ್ಲಿ ಒಂದಷ್ಟು, ಸರ್ಕಾರ ಜನರಿಗೆ ಮಾರುತ್ತಿದ್ದ ಸೇವಿಂಗ್ಸ್ ಸರ್ಟಿಫಿಕೇಟ್‌ದು. 1916ರಲ್ಲಿ 15 ಶಿಲ್ಲಿಂಗ್ 6 ಪೆನ್ಸ್ ಕೊಟ್ಟರೆ ಐದು ವರ್ಷಕ್ಕೆ ಒಂದು ಪೌಂಡ್, ಅಂದರೆ 20 ಶಿಲ್ಲಿಂಗ್, ಸಿಗುತ್ತಿತ್ತು. ಬಡ್ಡಿ ಒಳಗೊಳಗೇ ಬೆಳೆಯುತ್ತದೆ, ಜನ ಹಣ ಬಿಡಿಸಿಕೊಂಡಾಗಷ್ಟೇ ಖರ್ಚಾಗಿ ಕಾಣುತ್ತದೆ. ಅದನ್ನು ವರ್ಷಗಳಿಗೆ ಹಂಚಬೇಕು. ಹೇಗೆ ಹಂಚಿದೆ ಅನ್ನೋದನ್ನು ಇಲ್ಲಿ ಹೇಳುವುದಿಲ್ಲ. ಅಮೆರಿಕಕ್ಕೆ ಬ್ರಿಟನ್ ಕೊಡಬೇಕಿದ್ದ ಸಾಲವನ್ನು ಯಾವ ವರ್ಷ ಯಾವ ದರದಲ್ಲಿ ಪೌಂಡಿಗೆ ತಂದೆ ಅನ್ನೋದೂ ಅಷ್ಟೆ. ಆ ಎರಡೂ ಪ್ರಬಂಧ ಅಚ್ಚಾದ ಮೇಲೆ.

ತಾಳೆ ಆದ ಮೇಲೆ ಚಿತ್ರ ಸ್ಪಷ್ಟ. ಬಡ್ಡಿ ಬಿಟ್ಟು ನೋಡಿದರೆ 1920ರ ದಶಕದುದ್ದಕ್ಕೂ ಬ್ರಿಟನ್ ಜಿಡಿಪಿಯ ಶೇ. 7ರ ಹತ್ತಿರ ಉಳಿಸಿತು. ಅಷ್ಟು ವರ್ಷ ಅಷ್ಟು ಬಿಗಿ ಹಿಡಿಯುವ ದೇಶ ಇವತ್ತು ತೀರಾ ಅಪರೂಪ. ಆ ಉಳಿತಾಯದ ಬಹುಪಾಲು ಬಡ್ಡಿಗೇ ಹೋಯಿತು. ಇನ್ನೊಂದು ಕಡೆ ಬೆಲೆ ಕುಸಿದು ಜಿಡಿಪಿಯೇ ಕುಗ್ಗಿತು. ಜಿಡಿಪಿಗೆ ಹೋಲಿಸಿದರೆ ಸಾಲದ ಅನುಪಾತ 1920ರಲ್ಲಿ ಶೇ. 130-140 ಇದ್ದದ್ದು 1923ಕ್ಕೆ ಶೇ. 180ರ ಹತ್ತಿರ ಹೋಯಿತು. ಸುಮ್ನೆ ಒಂದು ಪ್ರಯೋಗ ಮಾಡಿದೆ. 1925ರಲ್ಲಿ ಆಗಿನ ಹಣಕಾಸು ಸಚಿವ ಚರ್ಚಿಲ್ ಪೌಂಡನ್ನು 4.86 ಡಾಲರಿಗೆ ಕಟ್ಟಿ ಗೋಲ್ಡ್ ಸ್ಟ್ಯಾಂಡರ್ಡ್‌ಗೆ, ಅಂದರೆ ಪೌಂಡಿನ ಬೆಲೆಯನ್ನು ಚಿನ್ನಕ್ಕೆ ಕಟ್ಟುವ ಪದ್ಧತಿಗೆ ಮರಳಿದರು. ಅರ್ಥಶಾಸ್ತ್ರಜ್ಞ ಕೇನ್ಸ್ ಅದು ಸುಮಾರು ಶೇ. 10 ದುಬಾರಿ ಅಂದರು. ಪೌಂಡು ಅಗ್ಗವಾಗಿ ಬೆಲೆ ಮಟ್ಟ ಅಷ್ಟು ಮೇಲಿದ್ದು ಉಳಿದದ್ದೆಲ್ಲ ಹಾಗೇ ಇದ್ದಿದ್ದರೆ, 1929ರಲ್ಲಿ 160ರ ಹತ್ತಿರವಿದ್ದ ಅನುಪಾತ 145ರ ಹತ್ತಿರ ನಿಲ್ಲುತ್ತಿತ್ತು. ಒರಟು ಲೆಕ್ಕ, ಆದರೂ ಕೇನ್ಸ್ ಪರ ಇನ್ನೊಂದು ಮಾತು.

ಚರ್ಚಿಲ್ ಬಜೆಟ್ಟುಗಳಿಗೇ ಬೇರೆ ಹಾಳೆ ತೆರೆಯಿರಿ. ರಸ್ತೆ ನಿಧಿಯಿಂದ ಹಣ ಎತ್ತಿದ್ದು, ಬಿಯರ್ ತಯಾರಕರು ಸುಂಕ ಕಟ್ಟುವ ಗಡುವನ್ನು ಒಂದು ತಿಂಗಳು ಮುಂಚೆಗೆ ತಂದು ಒಂದೇ ವರ್ಷದಲ್ಲಿ ಜಾಸ್ತಿ ಆದಾಯ ತೋರಿಸಿದ್ದು, ಇವೆಲ್ಲ ಒಂದು ಸಲಕ್ಕೆ ಮಾತ್ರ ಸಿಗುವ ಹಣ. ಪಕ್ಕಕ್ಕಿಡದಿದ್ದರೆ 1926, 27ರ ಉಳಿತಾಯ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು 1931ರ ಸಾಲಿಗೆ ಬಂದಾಗ. ಸರ್ಕಾರಿ ಖರ್ಚು ಪರಿಶೀಲಿಸಲು ಜಾರ್ಜ್ ಮೇ ಅನ್ನುವವರ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ಸಮಿತಿ ಜುಲೈ ಕೊನೆಗೆ 120 ಮಿಲಿಯನ್ ಪೌಂಡ್ ಕೊರತೆ ಬರುತ್ತೆ ಅಂತ ಬರೆಯಿತು. ಅದರಲ್ಲಿ ಸುಮಾರು 50 ಮಿಲಿಯನ್ ಸಿಂಕಿಂಗ್ ಫಂಡ್, ಅಂದರೆ ಸಾಲದ ಅಸಲು ತೀರಿಸಲು ಎತ್ತಿಡುವ ದುಡ್ಡು! ನಿರುದ್ಯೋಗ ನಿಧಿ ಮಾಡುತ್ತಿದ್ದ ಸಾಲವನ್ನೂ ಅದರಲ್ಲೇ ಸೇರಿಸಿದ್ದರು. ಆ ಸಾಲವನ್ನು ಸೇರಿಸಿದ್ದು ಸರಿ, ನಾನೂ ಸೇರಿಸುತ್ತೇನೆ. ಅಸಲನ್ನು ಕೊರತೆ ಅನ್ನೋದು ಸರಿಯಲ್ಲ. ಆ ಅಂಕಿಗೆ ಮಾರುಕಟ್ಟೆ ಹೆದರಿತು. ನಿರುದ್ಯೋಗ ಭತ್ಯೆ ಕಡಿತದ ವಿಷಯದಲ್ಲಿ ಸಂಪುಟ ಒಡೆದು ಆಗಸ್ಟಿನಲ್ಲಿ ಲೇಬರ್ ಸರ್ಕಾರ ಬಿತ್ತು. ಹಣಕಾಸು ಸಚಿವ ಸ್ನೋಡನ್ ಸೆಪ್ಟೆಂಬರಿನಲ್ಲಿ ತುರ್ತು ಬಜೆಟ್ ಮಂಡಿಸಿದರು. ಕೆಲಸವಿಲ್ಲದ ಗಂಡಸಿಗೆ ವಾರಕ್ಕೆ ಸಿಗುತ್ತಿದ್ದ 17 ಶಿಲ್ಲಿಂಗ್ 15 ಶಿಲ್ಲಿಂಗ್ 3 ಪೆನ್ಸ್‌ಗೆ ಇಳಿಯಿತು. ಇಷ್ಟು ಮಾಡಿಯೂ ಸೆಪ್ಟೆಂಬರ್ 21ಕ್ಕೆ ಗೋಲ್ಡ್ ಸ್ಟ್ಯಾಂಡರ್ಡ್ ಬಿಡಬೇಕಾಯಿತು.

ಅದನ್ನು ಬಿಟ್ಟ ಮೇಲೇ ಲೆಕ್ಕ ತಿರುಗಿದ್ದು. ಯುದ್ಧಕ್ಕಾಗಿ ಎತ್ತಿದ್ದ ಶೇ. 5ರ ವಾರ್ ಲೋನ್ ಸುಮಾರು 2,085 ಮಿಲಿಯನ್ ಇತ್ತು. 1929ರಿಂದಲೇ ಅದನ್ನು ತೀರಿಸುವ ಹಕ್ಕು ಸರ್ಕಾರಕ್ಕಿತ್ತು. ಆದರೆ ಪೌಂಡು ಚಿನ್ನಕ್ಕೆ ಕಟ್ಟಿಬಿದ್ದಿರುವಾಗ ಬಡ್ಡಿ ದರ ಇಳಿಸಿ ಅಲ್ಲೇ ಹಿಡಿದಿಡಲು ಆಗಿರಲಿಲ್ಲ. 1932ರ ಜೂನ್ 30ರಂದು ಬ್ಯಾಂಕ್ ದರ, ಅಂದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ನಿಗದಿ ಮಾಡುವ ಬಡ್ಡಿ ದರ, ಶೇ. 2ಕ್ಕೆ ಬಂತು. ಅದೇ ದಿನ ಹಣಕಾಸು ಸಚಿವ ನೆವಿಲ್ ಚೇಂಬರ್ಲೇನ್ ವಾರ್ ಲೋನನ್ನು ಶೇ. 3.5ಕ್ಕೆ ಬದಲಾಯಿಸುವುದಾಗಿ ಘೋಷಿಸಿದರು. ಬೇಗ ಒಪ್ಪಿದವರಿಗೆ 100 ಪೌಂಡಿಗೆ ಒಂದು ಪೌಂಡ್ ನಗದು. ಶೇ. 90ಕ್ಕೂ ಜಾಸ್ತಿ ಸಾಲ ಬದಲಾಯಿತು. ವರ್ಷಕ್ಕೆ 30 ಮಿಲಿಯನ್ ಹತ್ತಿರ ಬಡ್ಡಿ ಉಳಿಯಿತು. ನನ್ನ ಶೀಟಿನಲ್ಲಿ 1933ರಿಂದ ಅನುಪಾತ ಇಳಿಯುವುದು ಬಜೆಟ್ ಬಿಗಿಯಿಂದಲ್ಲ, ಕಡಿಮೆ ಬಡ್ಡಿ ಮತ್ತು ಜಿಡಿಪಿ ಬೆಳವಣಿಗೆಯಿಂದ. ಕಾಲಮ್ ಬೇರೆ ಬೇರೆ ಮಾಡಿದ್ದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಪಕ್ಕದಲ್ಲಿ ಇನ್ನೊಂದು ಕೆಲಸ ಹಿಡಿದಿದ್ದೇನೆ. ಪೌಂಡು ಬಿದ್ದಾಗ 1 ಶಿಲ್ಲಿಂಗ್ 6 ಪೆನ್ಸ್ ದರದಲ್ಲಿ ಕಟ್ಟಿಹಾಕಿದ್ದ ನಮ್ಮ ರೂಪಾಯಿಯೂ ಅದರ ಜೊತೆ ಬಿತ್ತು. ಚಿನ್ನದ ಬೆಲೆ ಏರಿತು. ಬೆಳೆಗೆ ಬೆಲೆಯಿಲ್ಲದೆ ಸೋತಿದ್ದ ಇಲ್ಲಿನ ರೈತರು ಒಡವೆ ಮಾರಿದರು. ಆ ಚಿನ್ನ ಹಡಗು ಹತ್ತಿ ಲಂಡನ್ನಿಗೆ ಹೋಗಿ ಪೌಂಡಿಗೆ ಆಸರೆ ಆಯಿತು. ಬ್ಯಾಂಕ್ ದರ ಅಷ್ಟು ಬೇಗ ಶೇ. 2ಕ್ಕೆ ಇಳಿಯುವುದರಲ್ಲಿ ಈ ಚಿನ್ನದ ಪಾಲೆಷ್ಟು ಅಂತ ಅಳೆಯಬೇಕು. ತಿಂಗಳವಾರು ರಫ್ತಿನ ಅಂಕಿ ಟೈಪ್ ಆಗುತ್ತಿದೆ. ಸಾಲದ ಶೀಟು ಬೇಕಾದವರು ಕೇಳಿ, ಆ ಎರಡು ಕಾಲಮ್ ಬಿಟ್ಟು ಉಳಿದದ್ದನ್ನು ಕಳಿಸುತ್ತೇನೆ.