ಪುಟ್ಟ ಸ್ಪೀಕರಿನ ಗುಂಯ್‌ಗುಡುವ ಬೇಸ್‌ಗೆ ಒಂದು ಕಾಲುಚೀಲ

ನನ್ನ ಕಪಾಟಿನಲ್ಲಿದ್ದ ಪುಟ್ಟ ಸ್ಪೀಕರುಗಳಲ್ಲಿ ವಾರ್ತೆ ಓದುವವರೂ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳುತ್ತಿತ್ತು. ಸ್ಪೀಕರೇ ಸರಿಯಿಲ್ಲ ಅಂದುಕೊಂಡಿದ್ದೆ. ತಪ್ಪು ನಾನು ಇಟ್ಟ ಜಾಗದ್ದು.

ಮೊದಲು ಮೂಲೆಯಿಂದ ಹೊರಗೆ ತನ್ನಿ. ಹತ್ತಿರದ ಒಂದೊಂದು ಗೋಡೆಯೂ ಬೇಸ್‌ಗೆ, ಅಂದರೆ ತಗ್ಗಿನ ದಪ್ಪ ಸದ್ದಿಗೆ, 6 ಡೆಸಿಬಲ್‌ವರೆಗೆ (ಸದ್ದಿನ ಜೋರಿನ ಅಳತೆ) ಸೇರಿಸಬಲ್ಲದು. ನಾನು ಗೋಡೆಯಿಂದ 40 ಸೆಂಟಿಮೀಟರ್ ಮುಂದೆ ತಂದೆ, ಅರ್ಧ ತಲೆನೋವು ಹೋಯಿತು.

ಹಿಂದೆ ದುಂಡನೆಯ ತೂತು ಇದೆಯಾ? ಅದು ಸುಮ್ನೆ ಇಟ್ಟಿದ್ದಲ್ಲ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಗುಂಯ್ ಅನ್ನುತ್ತಲ್ವಾ, ಅದೇ ಕೆಲಸ. ಒಂದು ಕಾಲುಚೀಲ (ಒಗೆದದ್ದು!) ಸುತ್ತಿ ತೂತಿಗೆ ತುರುಕಿ. ಬಿಗಿಯಾಗಿ ತುಂಬಿದಷ್ಟೂ ಬೇಸ್ ಇಳಿಯುತ್ತದೆ, ಸಡಿಲ ಬಿಟ್ಟರೆ ಸ್ವಲ್ಪ ಉಳಿಯುತ್ತದೆ. ತುದಿ ಮಾತ್ರ ಹೊರಗಿರಲಿ. ನನ್ನದು ಒಮ್ಮೆ ಪೂರ್ತಿ ಒಳಗೆ ಹೋಗಿ, ಚಿಮಟ ಹಿಡಿದು ಅರ್ಧ ಗಂಟೆ ಮೀನು ಹಿಡಿದ ಹಾಗಾಯಿತು.

ಮೇಜಿನ ಮೇಲಿದ್ದರೆ ಅಡಿಗೆ ದಪ್ಪ ಸ್ಪಂಜು ಇಡಿ. ಇಲ್ಲದಿದ್ದರೆ ಮೇಜೂ ಹಾಡುತ್ತದೆ.

ಆಮೇಲೆ ನಿಮ್ಮ ಕುರ್ಚಿ. ಎದುರುಬದುರು ಗೋಡೆಗಳ ನಡುವೆ 3 ಮೀಟರ್ ಇದ್ದರೆ 57 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನ ಬೇಸ್ ಸದ್ದು ಗೋಡೆಯ ಬಳಿ ಜಾಸ್ತಿ, ನಟ್ಟನಡುವೆ ಬಹಳ ಕಡಿಮೆ. ಗೋಡೆಗೆ ಒರಗಿ ಕೂರುವವರು ಒಂದು ಮೊಳ ಮುಂದೆ ಬಂದು ಕೇಳಿ ನೋಡಿ.

ತೆಳು ಪರದೆ, ಮೊಟ್ಟೆ ಟ್ರೇ ಇದಕ್ಕೆ ಉಪಯೋಗವಿಲ್ಲ. ಇಷ್ಟಾದರೂ ಗುಂಯ್ ಅಂದರೆ ಮಾತ್ರ ಈಕ್ವಲೈಸರ್‌ನಲ್ಲಿ (ತಗ್ಗಿನ, ಮೇಲಿನ ಸದ್ದನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್) 100 ಹರ್ಟ್ಸ್ ಹತ್ತಿರ 3 ಡೆಸಿಬಲ್ ಇಳಿಸಿ.